ಕಟ್ಟು ಮತ್ತು ನಡಿಗೆ: ಬೆನ್ನುಹುರಿಯ ಗಾಯ, ಚಿಕಿತ್ಸೆಯ ಚರಿತ್ರೆ ಹಾಗೂ ವಿಜಯಪುರ ಸೀಮೆಯ ಜನಪದ ಅರಿವು

ಉತ್ತರ ಕರ್ನಾಟಕದ ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆಯ ಸದ್ದಿನೊಂದಿಗೆ ಊರು ಹೊಕ್ಕು, ಮನೆಯ ಮುಂದೆ ನಿಂತು ಆ ಮನೆಯ ಹಿರಿಯರ ಹೆಸರುಗಳನ್ನು ಹೇಳಿ ಕಾಳುಕಡಿ ಪಡೆಯುವುದು ಅವರ ವೃತ್ತಿ. ‘ಹೆಳವ’ ಎಂದರೆ ಕಾಲಿಲ್ಲದವನು, ನಡೆಯಲಾರದವನು. 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಸಂಪುಟಗಳಲ್ಲಿ ಎಡ್ಗರ್ ಥರ್ಸ್ಟನ್, ಬಳ್ಳಾರಿ ಸೀಮೆಯ ಹೆಳವರು ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಎತ್ತಿನ ಮೇಲೆ ಬರುತ್ತಿದ್ದುದನ್ನು ದಾಖಲಿಸಿದ್ದಾನೆ. ನಡೆಯಬಲ್ಲವನೂ ಮೂಲಪುರುಷನ ನೆನಪಿಗಾಗಿ ಕಾಲು ಮುಚ್ಚಿಕೊಂಡು ಕುಳಿತುಕೊಳ್ಳುತ್ತಿದ್ದನೆಂಬುದು ಇಲ್ಲಿ ಗಮನಾರ್ಹ. ಮೂಲಪುರುಷನ ಬಗೆಗಿನ ಕಥೆಗಳು ಹಲವು. ಅವುಗಳಲ್ಲಿ ಕೆಲವು ಅವನನ್ನು ಬಸವಣ್ಣನವರ ಕಾಲಕ್ಕೆ ಜೋಡಿಸುತ್ತವೆ. ಪಾಠಾಂತರಗಳು ಎಷ್ಟೇ ಇದ್ದರೂ ಕಥೆಯ ತಿರುಳು ಒಂದೇ: ನಡೆಯಲಾರದವನಿಗೆ ಕಾಲು ಮರಳಿ ಬರಲಿಲ್ಲ, ಅವನಿಗೆ ಒಂದು ವಾಹನ ದೊರೆಯಿತು, ಜೊತೆಗೆ ಒಂದು ಕಾಯಕ ದೊರೆಯಿತು.

ಬಸವನ ಬಾಗೇವಾಡಿಯ ಸೀಮೆಯಲ್ಲಿ ಈ ಕಥೆಗೆ ಇನ್ನೊಂದು ಪದರವೂ ಉಂಟು. ಅತ್ತಿತ್ತ ಅಲೆಯದಂತೆ ತನ್ನನ್ನು ಹೆಳವನನ್ನಾಗಿ ಮಾಡೆಂದು ದೇವರನ್ನು ಬೇಡುವ ಬಸವಣ್ಣನವರ ವಚನ ಪ್ರಸಿದ್ಧವಾದುದು. ಅಲ್ಲಿನ ಹೆಳವತನ ಚಿತ್ತವೃತ್ತಿಗೆ ಸಂಬಂಧಿಸಿದ ರೂಪಕ. ಮರದಿಂದ ಬಿದ್ದು ಸೊಂಟದ ಕೆಳಗೆ ಅರಿವು ಕಳೆದುಕೊಂಡ ಕೂಲಿಕಾರನ ಹೆಳವತನ ರೂಪಕವಲ್ಲ. ಪ್ರಸ್ತುತ ಲೇಖನದ ವಸ್ತು ಈ ಎರಡನೆಯದು. ಬೆನ್ನುಹುರಿಯ ಗಾಯಕ್ಕೆ ಮಾನವ ಸಮಾಜಗಳು ಕಂಡುಕೊಂಡ ಪರಿಹಾರಗಳಲ್ಲಿ ‘ಕಟ್ಟುವ’ ವಸ್ತು ಮತ್ತು ‘ನಡೆಸುವ’ ಅಭ್ಯಾಸ ಇವೆರಡರ ಸಂಬಂಧ ಹೇಗೆ ಬೆಳೆದು ಬಂದಿತು, ಇಂದಿನ ಜೈವಿಕ ವಸ್ತುವಿಜ್ಞಾನ ಮತ್ತು ಪುನಶ್ಚೇತನ ವಿಜ್ಞಾನಗಳು ಒಂದಾಗುತ್ತಿರುವ ಹೊತ್ತಿನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಜನಪದ ಅರಿವಿಗೆ ಯಾವ ಸ್ಥಾನವಿದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ಈ ಸೀಮೆಯ ದುಡಿಮೆಯ ಸ್ವರೂಪವನ್ನು ನೋಡಬೇಕು. ಆಡುಗಳಿಗೆ ತಪ್ಪಲು ಕಡಿಯಲು ಬೇವು, ಜಾಲಿ ಮರಗಳನ್ನು ಹತ್ತುವುದು, ಹುಣಸೆಕಾಯಿ ಬಡಿಯುವುದು, ಬಾವಿ ತೋಡುವುದು ಮತ್ತು ಹೂಳೆತ್ತುವುದು, ಎತ್ತರದ ಬಣವೆ ಒಟ್ಟುವುದು, ಜೋಳದ ಚೀಲಗಳನ್ನು ಬೆನ್ನ ಮೇಲೆ ಹೊರುವುದು, ಕಬ್ಬಿನ ಹೇರಿನ ಮೇಲೆ ಕುಳಿತು ಪಯಣಿಸುವುದು, ಇವೆಲ್ಲ ನಿತ್ಯದ ಕೆಲಸಗಳು. ಕಾರ ಹುಣ್ಣಿಮೆಯ ಕರಿ ಹರಿಯುವ ಆಚರಣೆ, ಜಾತ್ರೆಗಳಲ್ಲಿ ಭಾರದ ಕಲ್ಲು ಮತ್ತು ಚೀಲ ಎತ್ತುವ ಪಂದ್ಯಗಳು ಇದಕ್ಕೆ ಸೇರುತ್ತವೆ. ಭಾರತದ ಗ್ರಾಮೀಣ ಭಾಗದಲ್ಲಿ ಬೆನ್ನುಹುರಿಯ ಗಾಯಕ್ಕೆ ಎತ್ತರದಿಂದ ಬೀಳುವುದೇ ಮುಖ್ಯ ಕಾರಣಗಳಲ್ಲೊಂದೆಂದು ವೈದ್ಯಕೀಯ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ವಿಶ್ವ ಆರೋಗ್ಯ ಸಂಸ್ಥೆಯ 2013ರ ವರದಿಯಂತೆ ಜಗತ್ತಿನಲ್ಲಿ ವರ್ಷಕ್ಕೆ 2.5 ಲಕ್ಷದಿಂದ 5 ಲಕ್ಷ ಜನ ಈ ಗಾಯಕ್ಕೆ ತುತ್ತಾಗುತ್ತಾರೆ.

ಹೀಗಿದ್ದರೂ ಈ ಗಾಯಕ್ಕೆ ಆಡುಮಾತಿನಲ್ಲಿ ಸ್ವತಂತ್ರವಾದ ಹೆಸರಿಲ್ಲ. ‘ಡುಬ್ಬ ಮುರಿಯಿತು’, ‘ನಡ ಹೋಯಿತು’, ‘ಲಕ್ವ ಹೊಡೆಯಿತು’ ಎಂಬ ಮಾತುಗಳು ಬಳಕೆಯಲ್ಲಿವೆ. ಇವುಗಳಲ್ಲಿ ‘ಲಕ್ವ’ ಪದದ ಪಯಣ ಕುತೂಹಲಕರ. ಯುನಾನಿ ವೈದ್ಯದಲ್ಲಿ ಲಕ್ವ ಎಂದರೆ ಮುಖದ ಒಂದು ಪಾರ್ಶ್ವ ಸೋಲುವುದು. ದೇಹದ ಅರ್ಧಭಾಗ ಸೋತರೆ ಅದಕ್ಕೆ ಫಾಲಿಜ್ ಎಂಬ ಬೇರೆ ಹೆಸರುಂಟು. ಆದಿಲ್‌ಶಾಹಿ ಆಳ್ವಿಕೆಯ ಬಿಜಾಪುರ ಯುನಾನಿ ಮತ್ತು ಭಾರತೀಯ ವೈದ್ಯ ಪದ್ಧತಿಗಳು ಸಂಧಿಸಿದ ನೆಲ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಭಾರತೀಯ ವೈದ್ಯವನ್ನು ಕುರಿತು ಪಾರಸಿಯಲ್ಲಿ ಗ್ರಂಥವನ್ನೇ ರಚಿಸಿದ್ದಾನೆ. ಹಕೀಮರ ಶಾಸ್ತ್ರದ ಸೂಕ್ಷ್ಮ ಭೇದ ಜನಬಳಕೆಯಲ್ಲಿ ಅಳಿದು, ಯಾವ ಅಂಗ ಸೋತರೂ ಅದು ‘ಲಕ್ವ’ವೇ ಆಯಿತು. ಇದು ಕೇವಲ ಭಾಷಾಶಾಸ್ತ್ರದ ಸಂಗತಿಯಲ್ಲ. ರೋಗಕ್ಕೆ ಇಟ್ಟ ಹೆಸರು ರೋಗಿಯನ್ನು ಎಲ್ಲಿಗೆ ಒಯ್ಯಬೇಕೆಂಬುದನ್ನು ನಿರ್ಧರಿಸುತ್ತದೆ. ಮಿದುಳಿನ ರಕ್ತನಾಳದ ತೊಂದರೆಯಿಂದ ಬಂದ ಲಕ್ವವೂ ಬೆನ್ನುಮೂಳೆ ಮುರಿದು ಬಂದ ಲಕ್ವವೂ ಒಂದೇ ಹೆಸರು ಹೊತ್ತಾಗ, ಎರಡಕ್ಕೂ ಒಂದೇ ಎಣ್ಣೆ, ಒಂದೇ ನೀವುವಿಕೆ ಸಲ್ಲುತ್ತದೆ. ಎರಡನೆಯದರಲ್ಲಿ ನೀವುವಿಕೆ ಉಳಿದ ನರಗಳನ್ನೂ ಕೆಡಿಸಬಲ್ಲದು.

‘ಬೆನ್ನುಹುರಿ’ ಶಾಲಾ ಪಠ್ಯಗಳ ಮೂಲಕ ಬಂದ ಪದ. ಆದರೆ ಅದರಲ್ಲಿನ ‘ಹುರಿ’ ಒಕ್ಕಲಿಗನ ಮನೆಯದು. ಪುಂಡಿಯ ನಾರನ್ನು ಅಂಗೈಯಲ್ಲಿ ಹೊಸೆದು ಎಳೆ ಮಾಡಿ, ಎಳೆಗಳನ್ನು ಕೂಡಿಸಿ ಹುರಿ ಮಾಡಿ, ಹುರಿಗಳನ್ನು ಕೂಡಿಸಿ ಹಗ್ಗ ಮಾಡುವುದು ಈ ಸೀಮೆಯ ಹಳೆಯ ಕಸುಬು. ಹರಿದ ಹಗ್ಗವನ್ನು ಗಂಟು ಹಾಕದೆ, ಎರಡೂ ತುದಿಗಳ ಹುರಿ ಬಿಚ್ಚಿ ಎಳೆಗಳನ್ನು ಒಂದರೊಳಗೊಂದು ಸೇರಿಸಿ ಮತ್ತೆ ಹೊಸೆಯುವ ಜಾಣ್ಮೆಯೂ ಇದೆ. ವಯಸ್ಕನಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪವಿರುವ ಬೆನ್ನುಹುರಿಯೂ ಎಳೆಗಳ ಕಟ್ಟೇ. ಮಿದುಳಿನ ಆಜ್ಞೆಯನ್ನು ಕೆಳಗೆ ಒಯ್ಯುವ, ಸ್ಪರ್ಶದ ಅರಿವನ್ನು ಮೇಲೆ ತರುವ ಎಳೆಗಳು. ವ್ಯತ್ಯಾಸವಿರುವುದು ಇಷ್ಟೇ: ಹರಿದ ಹಗ್ಗವನ್ನು ಹೊಸೆಯಬಹುದು, ಹರಿದ ಈ ಹುರಿ ತಾನಾಗಿ ಕೂಡುವುದಿಲ್ಲ.

ಎಲುಬಿನ ಸಂಗತಿ ಬೇರೆ. ಎಲುಬು ಕೂಡುವ ಗುಣವುಳ್ಳದ್ದು. ನೇರವಾಗಿ ಇರಿಸಿ ಅಲುಗದಂತೆ ಕಟ್ಟಿದರೆ ಸಾಕು. ಎಲುಬು ಕಟ್ಟುವವರ ಪರಂಪರೆ ದಕ್ಷಿಣ ಭಾರತದ ಉದ್ದಕ್ಕೂ ಬೆಳೆದು ನಿಂತದ್ದು ಈ ಸತ್ಯದ ಮೇಲೆ. ಬಿದಿರಿನ ದಬ್ಬೆ, ಅರೆದ ಸೊಪ್ಪು, ಮೊಟ್ಟೆಯ ಬಿಳಿಭಾಗ, ಬಟ್ಟೆಯ ಪಟ್ಟಿ ಈ ಕಟ್ಟಿನ ಸಾಮಗ್ರಿ. ಆಂಧ್ರದ ಪುತ್ತೂರಿನ ಕಟ್ಟು ಇವುಗಳಿಂದಲೇ ಹೆಸರಾದುದು. ಸುಶ್ರುತ ಸಂಹಿತೆಯ ಭಗ್ನಚಿಕಿತ್ಸೆಯ ಅಧ್ಯಾಯದಲ್ಲಿ ದಬ್ಬೆಗಾಗಿ ಹಿಪ್ಪೆ, ಅತ್ತಿ, ಅರಳಿ, ಮುತ್ತುಗ, ಮತ್ತಿ, ಬಿದಿರು, ಆಲ ಮೊದಲಾದವುಗಳನ್ನು ಸೂಚಿಸಲಾಗಿದೆ. ಕಟ್ಟನ್ನು ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಸಮಶೀತೋಷ್ಣದಲ್ಲಿ ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಬದಲಿಸಬೇಕೆಂಬ ವಿಧಿಯೂ ಅಲ್ಲಿದೆ. ಯುರೋಪಿನಲ್ಲಿ ಡಚ್ ಸೇನಾವೈದ್ಯ ಮಥೈಸನ್ ಪ್ಲಾಸ್ಟರ್ ಆಫ್ ಪ್ಯಾರಿಸ್ ಪಟ್ಟಿಯನ್ನು ಬಳಕೆಗೆ ತಂದದ್ದು 1850ರ ದಶಕದ ಆರಂಭದಲ್ಲಿ.

ಇದೇ ಅಧ್ಯಾಯದಲ್ಲಿ ಸಾಮಾನ್ಯವಾಗಿ ಯಾರೂ ಎತ್ತಿ ಹೇಳದ ಇನ್ನೊಂದು ಮಾತಿದೆ. ಅಂಗೈಯ ಎಲುಬು ಕೂಡಿದ ಮೇಲೆ ರೋಗಿಯು ಮೊದಲು ಮಣ್ಣಿನ ಮುದ್ದೆಯನ್ನು ಹಿಡಿಯಬೇಕು, ನಂತರ ಉಪ್ಪಿನ ಹರಳನ್ನು, ಕೈಗೆ ಬಲ ಬಂದ ಮೇಲೆ ಕಲ್ಲನ್ನು ಹಿಡಿಯಬೇಕು ಎಂಬುದೇ ಆ ಮಾತು. ಮೆತ್ತನೆಯದರಿಂದ ಗಟ್ಟಿಯಾದುದಕ್ಕೆ ಏರುವ ಈ ಕ್ರಮವನ್ನು ಇಂದಿನ ಭೌತಚಿಕಿತ್ಸಕರು ಯಾವ ತಿದ್ದುಪಡಿಯೂ ಇಲ್ಲದೆ ಒಪ್ಪುವರು. ಅಂದರೆ ಕಟ್ಟು ಅರ್ಧ ಚಿಕಿತ್ಸೆ, ಅಭ್ಯಾಸ ಉಳಿದರ್ಧ. ದಖನ್ನಿನ ಗರಡಿಮನೆಗಳಲ್ಲಿ ಈ ಎರಡೂ ಅರ್ಧಗಳು ಒಬ್ಬನ ಕೈಯಲ್ಲೇ ಇದ್ದವು. ಪೈಲವಾನರಿಗೆ ಪಟ್ಟು ಕಲಿಸುವ ವಸ್ತಾದನೇ ಜಾರಿದ ಕೀಲನ್ನು ಕೂಡಿಸುವವನು, ಎಣ್ಣೆ ಹಚ್ಚಿ ನೀವುವವನು, ಕಟ್ಟು ಬಿಚ್ಚಿದ ಮೇಲೆ ಯಾವಾಗ ಬಸ್ಕಿ ಹೊಡೆಯಬಹುದೆಂದು ಹೇಳುವವನು. ಆಧುನಿಕ ವೈದ್ಯಕೀಯವು ಈ ಕೆಲಸವನ್ನು ಶಸ್ತ್ರವೈದ್ಯ ಮತ್ತು ಭೌತಚಿಕಿತ್ಸಕ ಎಂದು ಇಬ್ಬರಿಗೆ ಹಂಚಿತು. ಹಂಚಿಕೆ ಅನಿವಾರ್ಯವಾಗಿತ್ತು, ಅದರಿಂದ ಆದ ನಷ್ಟ ಬೆನ್ನುಹುರಿಯ ವಿಷಯದಲ್ಲಿ ಬಹಳ ತಡವಾಗಿ ಅರಿವಿಗೆ ಬಂದಿತು.

ಬೆನ್ನುಮೂಳೆಯ ಮುರಿತಕ್ಕೆ ಸುಶ್ರುತ ಸಂಹಿತೆ ಸೂಚಿಸುವುದು ಕಪಾಟಶಯನ. ಕಪಾಟ ಎಂದರೆ ಬಾಗಿಲು. ಬಾಗಿಲ ಹಲಗೆಯಂಥ ಸಮತಟ್ಟಾದ ಹಾಸಿನ ಮೇಲೆ ರೋಗಿಯನ್ನು ಮಲಗಿಸಿ, ಐದು ಗೂಟಗಳ ನೆರವಿನಿಂದ ದೇಹ ಅಲುಗದಂತೆ ಕಟ್ಟುವುದು. ಬಿದ್ದವನನ್ನು ಬಾಗಿಸದೆ, ತಿರುಚದೆ ಹಲಗೆಯ ಮೇಲೆ ಸಾಗಿಸಬೇಕೆಂಬ ಇಂದಿನ ತುರ್ತುಚಿಕಿತ್ಸೆಯ ನಿಯಮಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ವಿಷಾದದ ಸಂಗತಿಯೆಂದರೆ, ಊರಲ್ಲಿ ಬಿದ್ದವನನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಿ ನೀರು ಕುಡಿಸುವುದು, ಕುರಿಮರಿಯಂತೆ ಹೆಗಲ ಮೇಲೆ ಹಾಕಿಕೊಂಡು ಓಡುವುದು ಕರುಣೆಯ ಸಹಜ ರೂಪವಾಗಿ ಉಳಿದುಬಂದಿದೆ. ಅರ್ಧ ಉಳಿದ ಹುರಿ ಪೂರ್ತಿ ಹರಿಯುವುದು ಎಷ್ಟೋ ಸಲ ಈ ಹೊತ್ತಿನಲ್ಲಿಯೇ.

ಜನಪದ ವೈದ್ಯವನ್ನು ಕುರಿತ ಬರಹಗಳಲ್ಲಿ ಹೊಗಳಿಕೆಯೇ ಹೆಚ್ಚು. ಬೆನ್ನುಹುರಿಯ ಮಟ್ಟಿಗೆ ಆ ಧೋರಣೆ ಅಪಾಯಕಾರಿ. ಗಾಯವಾದ ಕೂಡಲೇ ಹುರಿ ಒಂದು ಬಗೆಯ ಆಘಾತ ಸ್ಥಿತಿಗೆ ಇಳಿದು ಕೆಳಭಾಗದ ಪ್ರತಿವರ್ತನೆಗಳೆಲ್ಲ ಸ್ತಬ್ಧವಾಗುತ್ತವೆ. ವಾರಗಳು, ತಿಂಗಳುಗಳು ಕಳೆದಂತೆ ಬಾವು ಇಳಿದು, ಹುರಿ ಪೂರ್ತಿ ಹರಿಯದವರಲ್ಲಿ ಸ್ವಲ್ಪ ಚಲನೆ ತಾನಾಗಿಯೇ ಮರಳುತ್ತದೆ. ಆ ಹೊತ್ತಿಗೆ ರೋಗಿ ಯಾರ ಬಳಿ ಇದ್ದನೋ ಅವರಿಗೆ ಕೀರ್ತಿ ಸಲ್ಲುತ್ತದೆ. ಮರಳದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಸುಮಾರು ಕ್ರಿ.ಪೂ. 1600ರ ಈಜಿಪ್ಟಿನ ವೈದ್ಯಗ್ರಂಥವೊಂದು, ಕುತ್ತಿಗೆಯ ಮೂಳೆ ಜಾರಿ ಕೈಕಾಲುಗಳ ಅರಿವು ತಪ್ಪಿದವನ ಲಕ್ಷಣಗಳನ್ನು ವಿವರಿಸಿ, ಇದು ಚಿಕಿತ್ಸೆಗೆ ಸಲ್ಲದ ಬೇನೆಯೆಂದು ನೇರವಾಗಿ ಬರೆದಿದೆ. ಆ ಪ್ರಾಮಾಣಿಕತೆ ನಂತರದ ಅನೇಕ ವೈದ್ಯರಲ್ಲಿ ಕಾಣದು.

ಹೀಗೆ ಗಾಯಗೊಂಡವರು ಸಾಯುತ್ತಿದ್ದುದು ಗಾಯದಿಂದಲ್ಲ, ಹಾಸಿಗೆ ಹುಣ್ಣಿನಿಂದ ಮತ್ತು ಮೂತ್ರದ ಸೋಂಕಿನಿಂದ. ಅರಿವಿಲ್ಲದ ಚರ್ಮ ಕೌದಿಯ ಮೇಲೆ ಗಂಟೆಗಟ್ಟಲೆ ಒತ್ತಿದಾಗ ರಕ್ತ ಹರಿಯದೆ ಕೊಳೆಯುತ್ತದೆ. ನೋವಿಲ್ಲದ ಕಾರಣ ರೋಗಿಗೆ ಅದು ತಿಳಿಯುವುದೂ ಇಲ್ಲ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಲುಡ್ವಿಗ್ ಗುಟ್‌ಮನ್ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕಟ್ಟುನಿಟ್ಟಿನ ಶುಶ್ರೂಷೆ, ಮೂತ್ರಕೋಶದ ಆರೈಕೆ, ದುಡಿಮೆ ಮತ್ತು ಆಟಗಳನ್ನು ಒಂದುಗೂಡಿಸಿ ಈ ಚರಿತ್ರೆಯ ದಿಕ್ಕನ್ನು ಬದಲಿಸಿದರು. 1948ರ ಜುಲೈ 29ರಂದು 16 ಮಂದಿ ಗಾಯಾಳುಗಳಿಗಾಗಿ ಅಲ್ಲಿ ನಡೆದ ಬಿಲ್ವಿದ್ಯೆಯ ಪಂದ್ಯವೇ ಮುಂದೆ ಪ್ಯಾರಾಲಿಂಪಿಕ್ಸ್ ಆಗಿ ಬೆಳೆಯಿತು. ಭಾರತದಲ್ಲಿ ಈ ಕೆಲಸಕ್ಕೆ ಅಡಿಪಾಯ ಹಾಕಿದವರು ಸ್ವತಃ ಗಾಯಾಳುವಾದ ವೈದ್ಯೆ ಮೇರಿ ವರ್ಗೀಸ್. 1954ರ ಅಪಘಾತದಲ್ಲಿ ಕಾಲುಗಳ ಚಲನೆ ಕಳೆದುಕೊಂಡ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ಪುನಶ್ಚೇತನ ಕೇಂದ್ರ ಅವರ ನೇತೃತ್ವದಲ್ಲಿ ಆರಂಭವಾಯಿತು. ವಿಜಯಪುರಕ್ಕೆ ನೆರೆಯದಾದ ಸಾಂಗ್ಲಿ ಜಿಲ್ಲೆಯ ಸೈನಿಕ ಮುರಳೀಕಾಂತ ಪೇಟ್ಕರ್ 1965ರ ಯುದ್ಧದಲ್ಲಿ ಬೆನ್ನಿಗೆ ಗುಂಡು ತಗುಲಿ ಕಾಲು ಸೋತ ಮೇಲೆ, 1972ರ ಹೈಡೆಲ್‌ಬರ್ಗ್ ಕ್ರೀಡಾಕೂಟದಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದದ್ದು ಈ ಪರಂಪರೆಯ ಫಲ. ಇವರಲ್ಲಿ ಯಾರಿಗೂ ಕಾಲು ಮರಳಲಿಲ್ಲ. ಹೆಳವನ ಕಥೆಯ ಎತ್ತು ಮತ್ತು ಕಾಯಕ ಬೇರೆ ರೂಪದಲ್ಲಿ ದೊರೆತವು ಎನ್ನಬಹುದು.

ಕಾಲನ್ನೇ ಮರಳಿ ಪಡೆಯುವ ಪ್ರಯತ್ನದ ಚರಿತ್ರೆ ಬೇರೆ. ಸ್ಪೇನಿನ ನರವಿಜ್ಞಾನಿ ರಮೋನ್ ಇ ಕಹಾಲ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ವಯಸ್ಕರ ಮಿದುಳು ಮತ್ತು ಬೆನ್ನುಹುರಿಯ ಎಳೆಗಳು ಮರಳಿ ಬೆಳೆಯಲಾರವೆಂಬ ತೀರ್ಮಾನಕ್ಕೆ ಬಂದಿದ್ದ. 1981ರಲ್ಲಿ ಕೆನಡಾದ ಆಲ್ಬರ್ಟ್ ಅಗುವಾಯೊ ಮತ್ತು ಸಂಗಡಿಗರು ಇಲಿಯ ಕಾಲಿನ ನರದ ತುಂಡನ್ನು ಸೇತುವೆಯಂತೆ ಇಟ್ಟು, ಅದರೊಳಗೆ ಹುರಿಯ ಎಳೆಗಳು ಬೆಳೆದುದನ್ನು ತೋರಿಸಿದರು. ಎಳೆಗೆ ಬೆಳೆಯುವ ಶಕ್ತಿ ಇದೆ, ಬೆಳೆಯಲು ನೆಲವಿಲ್ಲ ಎಂಬುದು ಸ್ಪಷ್ಟವಾಯಿತು. ಗಾಯದ ಜಾಗದಲ್ಲಿ ಟೊಳ್ಳು ಉಂಟಾಗುತ್ತದೆ. ಅದರ ಸುತ್ತ ಕಲೆಯ ಗೋಡೆ ಏಳುತ್ತದೆ. ಬೆಳವಣಿಗೆಯನ್ನು ತಡೆಯುವ ರಾಸಾಯನಿಕಗಳು ಸೇರಿಕೊಳ್ಳುತ್ತವೆ. ಈ ಟೊಳ್ಳಿಗೆ ನೆಲವನ್ನು ಒದಗಿಸುವುದೇ ಜೈವಿಕ ವಸ್ತುಗಳ ಕೆಲಸ. ಅವುಗಳ ಮೂಲಗಳು ಜಾನಪದ ಅಧ್ಯಯನಕಾರರಿಗೆ ಅಪರಿಚಿತವಲ್ಲ: ದನದ ತೊಗಲಿನ ಕೊಲಾಜನ್, ಸಿಗಡಿ ಚಿಪ್ಪಿನ ಕೈಟೋಸಾನ್, ಕಡಲ ಪಾಚಿಯ ಆಲ್ಜಿನೇಟ್, ಕರ್ನಾಟಕವು ದೇಶಕ್ಕೇ ಹೆಚ್ಚು ಒದಗಿಸುವ ರೇಷ್ಮೆಯ ಫೈಬ್ರಾಯಿನ್. ಇವುಗಳ ಜೊತೆಗೆ ಪ್ರಯೋಗಾಲಯದಲ್ಲಿ ಹುಟ್ಟಿದ, ದೇಹದಲ್ಲಿ ಕಾಲಕ್ರಮೇಣ ಕರಗುವ ಪಾಲಿಮರುಗಳೂ ಇವೆ. ದಬ್ಬೆಗೂ ಇವಕ್ಕೂ ಒಂದು ಮುಖ್ಯ ಭೇದವುಂಟು. ದಬ್ಬೆ ಗಟ್ಟಿಯಾಗಿರಬೇಕು, ಹುರಿಯೊಳಗೆ ಇಡುವ ವಸ್ತು ಹುರಿಯಷ್ಟೇ ಮೆತ್ತಗಿರಬೇಕು, ಇಲ್ಲವಾದರೆ ಅದೇ ಹೊಸ ಗಾಯವಾಗುತ್ತದೆ.

2002ರಲ್ಲಿ ಅಮೆರಿಕದ ಸಂಶೋಧಕರು ಕರಗುವ ಪಾಲಿಮರಿನ ಚೌಕಟ್ಟಿನಲ್ಲಿ ನರ ಮೂಲಕೋಶಗಳನ್ನು ಬಿತ್ತಿ ಇಲಿಗಳ ಹುರಿಯಲ್ಲಿಟ್ಟಾಗ ಅವುಗಳ ಹಿಂಗಾಲಿನ ಚಲನೆ ಸುಧಾರಿಸಿತು. 2021ರಲ್ಲಿ ಸ್ಯಾಮ್ಯುಯೆಲ್ ಸ್ಟಪ್ ಅವರ ತಂಡ ಗಾಯದ ಜಾಗಕ್ಕೆ ಚುಚ್ಚಿದ ಕೂಡಲೇ ನಾರಿನ ಜಾಲವಾಗುವ ದ್ರವದಿಂದ ಇಲಿಮರಿ ಗಾತ್ರದ ಸುಂಡಿಲಿಗಳನ್ನು ನಾಲ್ಕು ವಾರಗಳಲ್ಲಿ ನಡೆಸಿತು. ಮನುಷ್ಯರಲ್ಲಿ ಫಲ ಇಷ್ಟು ಉತ್ಸಾಹದಾಯಕವಾಗಿಲ್ಲ. ಚೀನಾದಲ್ಲಿ 2015ರಿಂದ ಕೊಲಾಜನ್ ಚೌಕಟ್ಟುಗಳನ್ನು ರೋಗಿಗಳಲ್ಲಿ ಅಳವಡಿಸಿ ನೋಡಲಾಗಿದೆ. ಅಮೆರಿಕದಲ್ಲಿ ಎದೆಯ ಮಟ್ಟದ ಪೂರ್ಣ ಗಾಯಕ್ಕಾಗಿ ರೂಪಿಸಿದ ಪಾಲಿಮರ್ ಚೌಕಟ್ಟೊಂದು 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಬರಿಯ ಕಟ್ಟು ಸಾಲದು ಎಂಬುದಕ್ಕೆ ಇದೊಂದು ಸಾಕ್ಷಿ.

ಬರಿಯ ನಡಿಗೆಯೂ ಸಾಲದು. ಹುರಿ ಕತ್ತರಿಸಿದ ಬೆಕ್ಕುಗಳು ಚಲಿಸುವ ಪಟ್ಟಿಯ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೆ ಹಿಂಗಾಲಿನಿಂದ ಹೆಜ್ಜೆ ಹಾಕಬಲ್ಲವೆಂದು 1980ರ ದಶಕದ ಪ್ರಯೋಗಗಳು ತೋರಿಸಿದ್ದವು. ಹೆಜ್ಜೆಯ ಲಯ ಹುರಿಯೊಳಗೇ ಹುದುಗಿದೆ ಎಂಬುದು ಇದರಿಂದ ತಿಳಿಯಿತು. ಆದರೆ ಮನುಷ್ಯರಲ್ಲಿ ದೇಹಭಾರವನ್ನು ಮೇಲಿನಿಂದ ಹಿಡಿದು ಯಂತ್ರದ ಪಟ್ಟಿಯ ಮೇಲೆ ನಡೆಸುವ ತರಬೇತಿ, ನೆಲದ ಮೇಲಿನ ಸಾಮಾನ್ಯ ತರಬೇತಿಗಿಂತ ಹೆಚ್ಚಿನ ಫಲ ಕೊಡಲಿಲ್ಲವೆಂದು 2006ರ ಪರೀಕ್ಷೆ ಹೇಳಿತು. 2012ರಲ್ಲಿ ಸ್ವಿಟ್ಜರ್ಲೆಂಡಿನ ಗ್ರೆಗೊಯರ್ ಕೂರ್ತೀನ್ ಅವರ ಪ್ರಯೋಗ ಈ ಸಮಸ್ಯೆಗೆ ಹೊಸ ಬೆಳಕು ಚೆಲ್ಲಿತು. ಹುರಿಗೆ ವಿದ್ಯುತ್ ಮತ್ತು ಔಷಧದ ಪ್ರಚೋದನೆ ಪಡೆದ ಇಲಿಗಳಲ್ಲಿ, ಪಟ್ಟಿಯ ಮೇಲೆ ಯಾಂತ್ರಿಕವಾಗಿ ನಡೆದವು ಸ್ವಂತ ಇಚ್ಛೆಯ ನಡಿಗೆಯನ್ನು ಮರಳಿ ಪಡೆಯಲಿಲ್ಲ. ಎದುರಿಗಿಟ್ಟ ಚಾಕೊಲೇಟಿನ ಆಸೆಯಿಂದ ತಾವೇ ಮುಂದೆ ಸಾಗಲು ಹೆಣಗಿದವು ಪಡೆದವು. ಚರ್ಮದ ಮೇಲಿಂದ ಕೊಡುವ ವಿದ್ಯುತ್ ಪ್ರಚೋದನೆಯನ್ನು ತರಬೇತಿಯೊಡನೆ ಕೂಡಿಸಿ 60 ಜನರ ಕೈಗಳ ಮೇಲೆ ನಡೆಸಿದ ಪರೀಕ್ಷೆಯ ಆಶಾದಾಯಕ ಫಲಿತಾಂಶ 2024ರಲ್ಲಿ ಬಂದಿದೆ.

ಈ ಲೇಖನದ ದೃಷ್ಟಿಯಿಂದ ಎಲ್ಲಕ್ಕಿಂತ ಮಹತ್ವದ್ದು 2009ರ ಒಂದು ಪ್ರಯೋಗ. ಕೇಂಬ್ರಿಜ್‌ನ ಜೇಮ್ಸ್ ಫಾಸೆಟ್ ಅವರ ತಂಡ, ಗಾಯದ ಕಲೆಯಲ್ಲಿನ ತಡೆಗಳನ್ನು ಕರಗಿಸುವ ಕಿಣ್ವವೊಂದನ್ನು ಇಲಿಗಳಿಗೆ ಕೊಟ್ಟು, ನಂತರ ಬೇರೆ ಬೇರೆ ಬಗೆಯ ಅಭ್ಯಾಸ ಮಾಡಿಸಿತು. ಮುಂಗಾಲಿನಿಂದ ಕಾಳು ಹೆಕ್ಕುವ ಅಭ್ಯಾಸ ಪಡೆದ ಇಲಿಗಳು ಹೆಕ್ಕುವುದರಲ್ಲಿ ಮುಂದಾದವು. ಹತ್ತುವ, ಓಡಾಡುವ ಸಾಮಾನ್ಯ ಅಭ್ಯಾಸ ಪಡೆದವು ನಡೆಯುವುದರಲ್ಲಿ ಸುಧಾರಿಸಿದವು. ಆದರೆ ಹೆಕ್ಕುವುದರಲ್ಲಿ ಯಾವ ಅಭ್ಯಾಸವನ್ನೂ ಪಡೆಯದವುಗಳಿಗಿಂತ ಹಿಂದೆ ಬಿದ್ದವು. ಚಿಕಿತ್ಸೆ ಬಾಗಿಲನ್ನು ತೆರೆಯುತ್ತದೆ. ಒಳಗೆ ಯಾವುದು ಬರಬೇಕೆಂಬುದನ್ನು ಅಭ್ಯಾಸ ಆರಿಸುತ್ತದೆ. ಒಂದು ಬಂದರೆ ಇನ್ನೊಂದು ಹೊರಗುಳಿಯಬಹುದು. ಕಾಲಕ್ರಮವೂ ಮುಖ್ಯ. ಬೆಳವಣಿಗೆಯ ತಡೆಯನ್ನು ನೀಗುವ ಪ್ರತಿಕಾಯವನ್ನೂ ನಡಿಗೆಯ ತರಬೇತಿಯನ್ನೂ ಒಟ್ಟಿಗೆ ಕೊಟ್ಟಾಗ ಅವು ಒಂದಕ್ಕೊಂದು ಅಡ್ಡಬಂದದ್ದು ಅದೇ 2009ರಲ್ಲಿ ಕಂಡುಬಂದಿತು. ಪಾರ್ಶ್ವವಾಯುವಿನ ಇಲಿಗಳಲ್ಲಿ ಮೊದಲು ಪ್ರತಿಕಾಯ, ನಂತರ ತರಬೇತಿ ಎಂಬ ಕ್ರಮ ಉತ್ತಮ ಫಲ ಕೊಟ್ಟದ್ದು 2014ರಲ್ಲಿ. ಕಟ್ಟು ಬಿಚ್ಚಿದ ಮೇಲೆ ಮಣ್ಣಿನ ಮುದ್ದೆ, ಆಮೇಲೆ ಕಲ್ಲು ಎಂಬ ಹಳೆಯ ಕ್ರಮ ಇಲ್ಲಿ ನೆನಪಾಗದೆ ಇರದು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ತರವಲ್ಲ. ಇವೆಲ್ಲ ಇಲಿಗಳ ಮಾತು, ಮನುಷ್ಯನ ಮಟ್ಟಿಗೆ ಇನ್ನೂ ದೃಢಪಡಬೇಕಾದುದು ಬಹಳವಿದೆ.

ಆದರೂ ಯಾವ ಚಲನೆಯನ್ನು ಕಲಿಸಬೇಕು ಎಂಬ ಪ್ರಶ್ನೆ ಇದರಿಂದ ಎದ್ದು ನಿಲ್ಲುತ್ತದೆ. ಪುನಶ್ಚೇತನ ಕೇಂದ್ರಗಳ ಅಭ್ಯಾಸಗಳು ಬಹುಮಟ್ಟಿಗೆ ಕುರ್ಚಿ, ಮೇಜು, ಸಮತಟ್ಟಾದ ನೆಲದ ಬದುಕಿಗೆ ರೂಪಿತವಾದವು. ಇಂಡಿಯ ನಿಂಬೆ ತೋಟದಲ್ಲಿ ಹಣ್ಣು ಹರಿಯುವ, ಸಿಂದಗಿಯ ಹೊಲದಲ್ಲಿ ಕುಕ್ಕರಗಾಲಲ್ಲಿ ಕಳೆ ತೆಗೆಯುವ, ಹತ್ತಿ ಬಿಡಿಸುವ, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ದೇಹಕ್ಕೆ ಬೇಕಾದ ಚಲನೆಗಳು ಬೇರೆ. ರೊಟ್ಟಿ ಬಡಿಯುವಾಗ ಎರಡೂ ಅಂಗೈಗಳು ಒಂದೇ ಲಯದಲ್ಲಿ ತೆರೆದು ಮುಚ್ಚುತ್ತವೆ, ಹಿಟ್ಟು ತಿರುಗುತ್ತದೆ, ನಡು ಮುಂದಕ್ಕೆ ಬಾಗಿ ಸ್ಥಿರವಾಗಿ ನಿಲ್ಲುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸಿನ ಸೊಂಟ ಗೂಟದೊಂದಿಗೆ ವೃತ್ತಾಕಾರವಾಗಿ ತಿರುಗುತ್ತದೆ. ಕುಳಿತು ಮುಂಡವನ್ನು ಸಮತೋಲದಲ್ಲಿಡುವ ಈ ಕಲೆಯೇ ಕಾಲು ಸೋತವರು ಎಲ್ಲಕ್ಕಿಂತ ಮೊದಲು ಮರಳಿ ಕಲಿಯಬೇಕಾದುದು.

ಇದೇ ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು 1930ರ ದಶಕದಲ್ಲಿ ಬೀಸುವ ಕಲ್ಲಿನ ಪದಗಳನ್ನು ಸಂಗ್ರಹಿಸಿ ಕನ್ನಡ ಜಾನಪದಕ್ಕೆ ಭದ್ರ ಬುನಾದಿ ಹಾಕಿದರು. ಅವರ ದಾರಿಯಲ್ಲಿ ನಡೆದ ಮುಂದಿನ ತಲೆಮಾರಿನ ಸಂಗ್ರಾಹಕರು ಪದ, ಪಾಠ, ಧಾಟಿಗಳನ್ನು ಬರೆದುಕೊಂಡಷ್ಟು ಶ್ರದ್ಧೆಯಿಂದ ಹಾಡುವಾಗಿನ ಮೈಯ ಭಂಗಿಯನ್ನು ಬರೆದುಕೊಳ್ಳಲಿಲ್ಲ. ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿದೆ; ಯಂತ್ರಗಳು ಬಂದಂತೆ ಹಗ್ಗ ಹೊಸೆಯುವ, ಕಣ ಮಾಡುವ, ಹಂತಿ ಹೊಡೆಯುವ ಮೈವರಸೆಗಳೂ ಮರೆಯಾಗುತ್ತಿವೆ. ಅವುಗಳನ್ನು ಬಲ್ಲ ಹಿರಿಯರು ಇನ್ನೂ ಕೆಲವರು ಇದ್ದಾರೆ. ಯಾವ ಕೆಲಸದಲ್ಲಿ ಭಾರ ಎಲ್ಲಿ ಬೀಳುತ್ತದೆ, ಯಾವ ಕೈ ಮೊದಲು ಚಾಚುತ್ತದೆ, ಕುಳಿತವರು ಏಳದೆ ಎಷ್ಟು ದೂರ ಸರಿಯುತ್ತಾರೆ, ಆ ಚಲನೆಗೆ ಆಡುಮಾತಿನಲ್ಲಿ ಏನೆನ್ನುತ್ತಾರೆ ಎಂಬುದನ್ನು ಚಿತ್ರೀಕರಿಸಿ ಪಟ್ಟಿ ಮಾಡುವುದು ಜಾನಪದ ವಿಭಾಗಗಳ ಕೈಯಲ್ಲಿರುವ ಕೆಲಸ. ವಿಜಯಪುರದ ವೈದ್ಯಕೀಯ ಕಾಲೇಜುಗಳ ಭೌತಚಿಕಿತ್ಸಕರೂ ಗ್ರಾಮ ಪಂಚಾಯಿತಿಗಳ ಪುನರ್ವಸತಿ ಕಾರ್ಯಕರ್ತರೂ ಜೊತೆಗೂಡಿದರೆ ಅಂಥ ಪಟ್ಟಿಯಲ್ಲಿ ಯಾವುದು ಯಾವ ಮಟ್ಟದ ಗಾಯಕ್ಕೆ ಹೊಂದುತ್ತದೆ, ಯಾವುದು ಹಾನಿ ಮಾಡುತ್ತದೆ ಎಂಬುದನ್ನು ಬೇರ್ಪಡಿಸಬಹುದು. ಮುದ್ದೇಬಿಹಾಳದ ಹಳ್ಳಿಯೊಂದರಲ್ಲಿ ಹೊರಸಿನ ಮೇಲೆ ಮಲಗಿರುವವರಿಗೆ ಬೆನ್ನಿನೊಳಗಿಡುವ ವಸ್ತು ತಲುಪಲು ಇನ್ನೂ ಬಹಳ ವರ್ಷಗಳು ಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೈಯೂ, ಕುಳಿತು ರೊಟ್ಟಿ ಬಡಿಯುವ ಅಭ್ಯಾಸವೂ ತಲುಪಲು ಅಷ್ಟು ವರ್ಷಗಳು ಬೇಕಿಲ್ಲ.